ಹೊಣೆ ಯಾರ ಹೆಗಲಿನದು?

ಬ್ಯಾಡಗಿಯ ಪೇಟೆಯನ್ನು ಹೊಕ್ಕವರು ಊರಿನ ಹೆಸರು ತಿಳಿಯಲು ಹಲಗೆಯನ್ನು ಓದಬೇಕಾಗಿಲ್ಲ. ಕಣ್ಣಿಗಿಂತ ಮೊದಲೇ ಮೂಗು ಅದನ್ನು ಓದಿಬಿಡುತ್ತದೆ. ಕಡ್ಡಿ, ಡಬ್ಬಿ ಎಂಬ ಎರಡು ಜಾತಿಯ ಮೆಣಸಿನಕಾಯಿ ಅಲ್ಲಿ ಕೆಂಪು ಗುಡ್ಡಗಳಾಗಿ ಬಿದ್ದಿರುತ್ತದೆ. ಖಾರ ಮಿತ, ಬಣ್ಣ ಅಮಿತ. ಈ ಗುಣಕ್ಕಾಗಿಯೇ 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಊರು ನೋಡಲು ಬಂದವರು ಎರಡು ಸಲ ಸೀನಿ, ಕಣ್ಣೊರೆಸಿಕೊಂಡು, ನಗುತ್ತ ಹೊರಟುಹೋಗುತ್ತಾರೆ. ಆದರೆ ಬೆಳಗಿನಿಂದ ಬೈಗಿನವರೆಗೆ ಅದೇ ಧೂಳಿನ ನಡುವೆ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ, ಚೀಲ ಹೊರುವ ಹಮಾಲರಿಗೆ, ಆ ಸೀನು ನಗೆಯ ಸಂಗತಿಯಲ್ಲ. ಅವರಿಗೆ ಮುಖವಸ್ತ್ರ ಕೊಡಬೇಕಾದವರು ಯಾರು? ಧೂಳು ಹೊರಹೋಗಲು ಗವಾಕ್ಷಿ ಇಡಿಸಬೇಕಾದವರು ಯಾರು? ಕೈ ತೊಳೆಯಲು ನೀರು, ಕುಡಿಯಲು ಬೇರೆ ನೀರು, ಇವನ್ನು ಒದಗಿಸುವುದು ಧರ್ಮವೋ, ಔದಾರ್ಯವೋ, ಕಾಯಿದೆಯೋ?

ಈ ಪ್ರಶ್ನೆ ಬ್ಯಾಡಗಿಯೊಂದಕ್ಕೇ ಸೇರಿದುದಲ್ಲ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಹಾವೇರಿಯ ಸೀಮೆಯಲ್ಲಿ ದುಡಿಮೆಯ ಬಗೆಗಳು ಹಲವು. ರಾಣೇಬೆನ್ನೂರಿನಲ್ಲಿ ಹತ್ತಿಯ ವ್ಯಾಪಾರ ಹಳೆಯದು, ಬಿತ್ತನೆಯ ಬೀಜದ ಉದ್ಯಮ ಹೊಸದು. ಅದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದ ಮೇಲೆ, ನಾರು ಮತ್ತು ತಿರುಳು ತಯಾರಿಸುವ ಭಾರೀ ಕಾರ್ಖಾನೆಯಿದೆ. ಗೋವಿನಜೋಳದ ಉಗ್ರಾಣಗಳು, ಮೆಣಸಿನಕಾಯಿಯನ್ನು ಕಾಯ್ದಿಡುವ ಶೀತಲಗೃಹಗಳು ಬೇರೆ. ಒಂದೊಂದು ಕೆಲಸಕ್ಕೂ ಅದರದೇ ಆದ ಅಪಾಯವಿದೆ. ಹತ್ತಿಯ ನವಿರು ಧೂಳು ಶ್ವಾಸಕೋಶವನ್ನು ಹೊಕ್ಕು ಬಿಸಿನೋಸಿಸ್ ಎಂಬ ರೋಗವನ್ನು ತರುತ್ತದೆ. ವಾರದ ರಜೆ ಮುಗಿದು ಮರಳಿದ ಮೊದಲ ದಿನವೇ ಎದೆ ಬಿಗಿಯುವುದು ಅದರ ಆರಂಭದ ಲಕ್ಷಣ. ಶೀತಲಗೃಹದ ಅಮೋನಿಯ ಸೋರಿದರೆ ಕಣ್ಣು, ಗಂಟಲು ಉರಿದು ಉಸಿರೇ ಕಟ್ಟುತ್ತದೆ. ಮೆಣಸಿನಕಾಯಿಯಿಂದ ಬಣ್ಣದ ಸತ್ತ್ವವನ್ನು ತೆಗೆಯಲು ಬಳಸುವ ಹೆಕ್ಸೇನ್ ದ್ರಾವಣ ಒಂದು ಕಿಡಿಗೆ ಹೊತ್ತಿಕೊಳ್ಳುವಂಥದು. ಇವೆಲ್ಲ ತಿಳಿದ ಅಪಾಯಗಳು. ತಿಳಿದ ಅಪಾಯವನ್ನು ತಡೆಯದಿರುವುದೇ ಕಾಯಿದೆಯ ದೃಷ್ಟಿಯಲ್ಲಿ ಅಪರಾಧದ ಮೊದಲ ಮೆಟ್ಟಿಲು.

ಆಲದಕಟ್ಟಿಯ ಕಿಡಿ

2023ರ ಆಗಸ್ಟ್ 29ರಂದು ಹಾವೇರಿ ತಾಲ್ಲೂಕಿನ ಆಲದಕಟ್ಟಿಯಲ್ಲಿ ಪಟಾಕಿಯ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದಿತು. ಗಣೇಶನ ಹಬ್ಬ ಹತ್ತಿರವಾಗಿತ್ತು. ಹಬ್ಬದ ಮಾಲು ಒಳಗೆ ತುಂಬಿತ್ತು. ಅಲ್ಲಿ ನಡೆಯುತ್ತಿದ್ದ ವೆಲ್ಡಿಂಗ್ ಕೆಲಸದ ಕಿಡಿಯಿಂದ ಬೆಂಕಿ ಹೊತ್ತಿತೆಂದು ಆಗ ವರದಿಯಾಯಿತು. ದುಡಿಯಲು ಬಂದಿದ್ದ ನಾಲ್ವರು ಹೊರಬರಲಾರದೆ ಸುಟ್ಟು ಅಸುನೀಗಿದರು. ಆರು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 7ರಂದು, ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಯೊಂದು ಉರಿದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರು ಹಬ್ಬದ ದಿನಗಳಲ್ಲಿ ನಾಲ್ಕು ಕಾಸು ಸಂಪಾದಿಸಲು ತಮಿಳುನಾಡಿನಿಂದ ಬಂದಿದ್ದ ಎಳೆಯ ವಯಸ್ಸಿನವರು. ಅದೇ ವರ್ಷದ ಡಿಸೆಂಬರ್ 4ರಂದು ವಿಜಯಪುರದ ಆಹಾರಧಾನ್ಯದ ಉದ್ಯಮವೊಂದರಲ್ಲಿ ಗೋವಿನಜೋಳದ ರಾಶಿ ಕುಸಿದು ಬಿಹಾರದಿಂದ ಬಂದಿದ್ದ ಏಳು ಕೆಲಸಗಾರರು ಅದರಡಿ ಹೂತುಹೋದರು. ಬೆಂಕಿ ಕೊಲ್ಲುತ್ತದೆಂದು ಎಲ್ಲರೂ ಬಲ್ಲರು. ಅನ್ನವಾಗಬೇಕಾದ ಕಾಳೂ ಕೊಲ್ಲಬಲ್ಲದೆಂಬುದನ್ನು ವಿಜಯಪುರ ತೋರಿಸಿತು.

ಈ ಪ್ರಕರಣಗಳಲ್ಲಿ ತಪ್ಪು ಯಾರದೆಂದು ನಿರ್ಣಯಿಸುವುದು ನ್ಯಾಯಾಲಯಕ್ಕೆ ಬಿಟ್ಟ ಮಾತು. ಆದರೆ ಇಂಥ ಪ್ರತಿ ದುರಂತದ ಮರುದಿನವೂ ಕೇಳಿಬರುವ ಸಂಭಾಷಣೆ ಬಹುಮಟ್ಟಿಗೆ ಒಂದೇ. “ವೆಲ್ಡಿಂಗ್ ವಿದ್ಯೆ ಬಲ್ಲವನು ಅವನು, ಎಚ್ಚರ ಅವನಿಗಿರಬೇಕಿತ್ತು” ಎನ್ನುತ್ತಾನೆ ಮಾಲಿಕ. “ಮಾಲು ತೆಗೆಸಬೇಕಾದವರು ಅವರು, ನಾನು ಆಳು ಕಳಿಸಿದವನು ಮಾತ್ರ” ಎನ್ನುತ್ತಾನೆ ಗುತ್ತಿಗೆದಾರ. “ಮೇಸ್ತ್ರಿ ಹೇಳಿದ, ಹತ್ತಿದೆ” ಎನ್ನಬೇಕಾದವನು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಕೊನೆಗೆ ಎಲ್ಲರೂ ಸೇರಿ ಹೊಣೆಯನ್ನು ಸತ್ತವನ ಹಣೆಬರಹದ ಮೇಲೆ ಹೊರಿಸಿ ಮನೆಗೆ ಹೋಗುತ್ತಾರೆ.

ಹಣೆಬರಹ ಓದುವುದು ಕಾಯಿದೆಯ ಕೆಲಸವಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಆ ಸ್ಥಳ ಯಾರ ಹತೋಟಿಯಲ್ಲಿತ್ತು? ಹತೋಟಿ ಯಾರದೋ ಹೊಣೆಯೂ ಅವರದೇ. ಈ ಸರಳವಾದ ತತ್ತ್ವವನ್ನು ಒಪ್ಪಿಕೊಳ್ಳಲು ಲೋಕಕ್ಕೆ ಒಂದು ನೂರು ವರ್ಷಗಳೇ ಬೇಕಾದವೆಂದರೆ ವಾಚಕರು ಆಶ್ಚರ್ಯಪಟ್ಟಾರು.

ಒಂದು ಬಂಡಿ, ಒಂದು ಗಣಿ

1837ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಪ್ರೀಸ್ಟ್ಲಿ ಎಂಬ ಹುಡುಗನ ಮೊಕದ್ದಮೆ ಬಂದಿತು. ಆತ ಫೌಲರ್ ಎಂಬ ಮಾಂಸದ ವ್ಯಾಪಾರಿಯ ಆಳು. ಮಿತಿಮೀರಿ ಮಾಂಸ ಹೇರಿದ ಬಂಡಿಯಲ್ಲಿ ಅವನನ್ನು ಕಳಿಸಲಾಗಿತ್ತು. ದಾರಿಯಲ್ಲಿ ಬಂಡಿ ಮುರಿಯಿತು, ಹುಡುಗನ ತೊಡೆಯ ಮೂಳೆಯೂ ಮುರಿಯಿತು. ಪಂಚರು ನೂರು ಪೌಂಡು ಪರಿಹಾರ ಕೊಡಿಸಿದರು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬಂಡಿಯ ಸ್ಥಿತಿ ಧಣಿಗಿಂತ ಆಳಿಗೇ ಚೆನ್ನಾಗಿ ತಿಳಿದಿರುತ್ತದೆ, ಹೆದರಿಕೆಯಿದ್ದರೆ ಆತ ಹತ್ತದೆ ಇರಬಹುದಿತ್ತು ಎಂಬುದು ಅದರ ವಾದದ ಸಾರ. ಹತ್ತದೆ ಇದ್ದರೆ ಆ ದಿನದ ಅನ್ನವೇನು ಎಂಬ ಪ್ರಶ್ನೆಗೆ ತೀರ್ಪಿನಲ್ಲಿ ಸ್ಥಳವಿರಲಿಲ್ಲ. ಚೀಲಗಳ ಮೇಲೆ ಚೀಲ ಹೇರಿ, ಅದರ ಮೇಲೆ ಹಮಾಲರನ್ನೂ ಹೇರಿ ಹೋಗುವ ಲಾರಿಯನ್ನು ಹೆದ್ದಾರಿಯಲ್ಲಿ ಕಂಡವರಿಗೆ ಆ ಹುಡುಗ ಅಪರಿಚಿತನೆನಿಸಲಾರ.

ಸರಿಯಾಗಿ ನೂರು ವರ್ಷಗಳ ತರುವಾಯ, 1937ರಲ್ಲಿ, ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಯೊಂದರ ಪ್ರಕರಣ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠಕ್ಕೆ ಬಂದಿತು. ಪಾಳಿ ಮುಗಿಸಿ ಹೊರಬರುತ್ತಿದ್ದ ಇಂಗ್ಲಿಷ್ ಎಂಬ ಹೆಸರಿನ ಗಣಿಗಾರನೊಬ್ಬ ಸಾಗಣೆಯ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಗಿದ್ದ. ಗಣಿಯ ಒಡೆಯರು ಹೇಳಿದ್ದಿಷ್ಟು: ಅರ್ಹತೆಯುಳ್ಳ ವ್ಯವಸ್ಥಾಪಕನನ್ನು ನಾವು ನೇಮಿಸಿದ್ದೇವೆ, ಸುರಕ್ಷತೆ ಅವನ ಪಾಲಿನದು, ನಮ್ಮ ಕರ್ತವ್ಯ ಅಲ್ಲಿಗೆ ತೀರಿತು. ನ್ಯಾಯಾಧೀಶರು ಇದನ್ನು ಒಪ್ಪಲಿಲ್ಲ. ಬಲ್ಲ ಸಹೋದ್ಯೋಗಿಗಳು, ಸರಿಯಾದ ಸಾಮಗ್ರಿ, ಸುರಕ್ಷಿತವಾದ ಸ್ಥಳ, ಸುರಕ್ಷಿತವಾದ ಕೆಲಸದ ಪದ್ಧತಿ, ಇವನ್ನು ಒದಗಿಸುವುದು ಒಡೆಯನ ಸ್ವಂತ ಕರ್ತವ್ಯ. ಕೆಲಸವನ್ನು ಇನ್ನೊಬ್ಬನ ಕೈಗೆ ಒಪ್ಪಿಸಬಹುದು, ಕರ್ತವ್ಯವನ್ನು ಒಪ್ಪಿಸಲಾಗದು ಎಂದು ಅವರು ತೀರ್ಪಿತ್ತರು. ಇಂದು ಅನೇಕ ದೇಶಗಳ ಸುರಕ್ಷತಾ ಶಾಸನಗಳು ನಿಂತಿರುವುದು ಈ ಅಡಿಗಲ್ಲಿನ ಮೇಲೆ.

ನಮ್ಮಲ್ಲಿ ನಡೆದು ಬಂದ ದಾರಿ

ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರದು. ಅದು ಅನ್ವಯಿಸುತ್ತಿದ್ದುದು ನೂರು ಅಥವಾ ಹೆಚ್ಚು ಮಂದಿ ದುಡಿಯುವ, ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ನಡೆಯುವ ಕಾರ್ಖಾನೆಗಳಿಗೆ ಮಾತ್ರ. ಹತ್ತಿ ಅರೆಯುವ ಜಿನ್ನುಗಳಾದರೋ ಸುಗ್ಗಿಯೊಡನೆ ತೆರೆದು ಸುಗ್ಗಿಯೊಡನೆ ಮುಚ್ಚುವಂಥವು. ಹೀಗಾಗಿ ಹಂಗಾಮಿನ ಕೆಲಸಗಾರರು ಬಹುಕಾಲ ಶಾಸನದ ನೆರಳಿನಿಂದ ಹೊರಗೇ ಉಳಿದರು. ಹಂಗಾಮಿ ಕಾರ್ಖಾನೆಗಳನ್ನು ಒಳಗೆ ತಂದುದು 1911ರ ಕಾಯಿದೆ. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂಬ ಶಾಸನ ಬಂದುದು 1923ರಲ್ಲಿ.

ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆ ಕಾಯಿದೆ ಈ ಎಲ್ಲವನ್ನೂ ವಿಸ್ತಾರವಾಗಿ ಬರೆಯಿತು. ಚಲಿಸುವ ಯಂತ್ರಭಾಗಗಳಿಗೆ ಬೇಲಿ ಕಟ್ಟಬೇಕೆಂದಿತು. ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವವನು ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು, ಆ ಉಡುಪನ್ನು ಮಾಲಿಕನೇ ಕೊಡಿಸಬೇಕು ಎಂದಿತು. ಹತ್ತಿಯನ್ನು ಒತ್ತುವ ಕಾರ್ಖಾನೆಗಳಲ್ಲಿ ಹತ್ತಿ ಬಿಡಿಸುವ ಯಂತ್ರ ನಡೆಯುತ್ತಿರುವೆಡೆ ಸ್ತ್ರೀಯರನ್ನೂ ಮಕ್ಕಳನ್ನೂ ದುಡಿಸಬಾರದೆಂದು ಅದರ 27ನೆಯ ಕಲಮು ನಿಷೇಧಿಸಿತ್ತು. ಸುಡುವ ಆವಿಯಿರುವ ಪಾತ್ರೆ ತೊಟ್ಟಿಗಳಿಗೆ, ಆ ಆವಿಯನ್ನು ಕಳೆಯದೆ, ಬೆಸುಗೆ ಹಾಕಕೂಡದೆಂದು 37ನೆಯ ಕಲಮು ವಿಧಿಸಿತ್ತು. ವೆಲ್ಡಿಂಗ್ ಕಿಡಿಯ ಭಯ ಶಾಸನಕಾರರಿಗೆ 1948ರಲ್ಲೇ ಇದ್ದಿತೆಂಬುದನ್ನು ಗಮನಿಸಬೇಕು.

1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಬಳಿಕ, 1987ರಲ್ಲಿ ಈ ಕಾಯಿದೆಗೆ ಮುಖ್ಯ ತಿದ್ದುಪಡಿ ಬಂದಿತು. ದುಡಿಯುವವರೆಲ್ಲರ ಆರೋಗ್ಯ, ಸುರಕ್ಷತೆ, ಕ್ಷೇಮಗಳನ್ನು ನೋಡಿಕೊಳ್ಳುವುದು ಕಾರ್ಖಾನೆಯ ಅಧಿಭೋಗದಾರನ ಸಾಮಾನ್ಯ ಕರ್ತವ್ಯವೆಂದು ಆಗ ಸ್ಪಷ್ಟವಾಗಿ ಬರೆಯಲಾಯಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆ ಎಂದು ಸಾರಿತು.

ಎಪ್ಪತ್ತೇಳು ವರ್ಷ ಬಾಳಿದ ಆ ಕಾಯಿದೆ ಈಗ ತೆರೆಗೆ ಸರಿದಿದೆ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹದಿಮೂರು ಹಳೆಯ ಕಾಯಿದೆಗಳು ಅದರಲ್ಲಿ ಕೂಡಿಕೊಂಡಿವೆ. ಪುಸ್ತಕದ ಹೊದಿಕೆ ಬದಲಾಯಿತೆಂದು ಒಳಗಿನ ಹೊಣೆ ಅಳಿಸಿಹೋಯಿತೆಂದು ಯಾರೂ ಭಾವಿಸಬಾರದು.

ಮಾಲಿಕನ ಕರ್ತವ್ಯ

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಉದ್ಯಮ, ವ್ಯಾಪಾರ, ವ್ಯವಹಾರದ ಸ್ಥಳಗಳಿಗೆ ಹೊಸ ಸಂಹಿತೆ ಸಾಮಾನ್ಯವಾಗಿ ಅನ್ವಯಿಸುತ್ತದೆ. ಕಾರ್ಖಾನೆಯೆಂಬ ಹೆಸರಿನ ಚಿಮಣಿಯಿರುವ ಕಟ್ಟಡವೇ ಆಗಬೇಕೆಂದಿಲ್ಲ. ಮಾಲಿಕನ ಕರ್ತವ್ಯಗಳನ್ನು ಅದರ 6ನೆಯ ಕಲಮು ಹೇಳುತ್ತದೆ. ಗಾಯವನ್ನಾಗಲಿ ರೋಗವನ್ನಾಗಲಿ ತರಬಲ್ಲ ಅಪಾಯಗಳಿಂದ ಕೆಲಸದ ಸ್ಥಳವನ್ನು ಮುಕ್ತವಾಗಿಡಬೇಕು. ಸರಕಾರ ಗೊತ್ತುಪಡಿಸಿದ ವರ್ಗದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತವಾಗಿ ವೈದ್ಯಪರೀಕ್ಷೆ ಮಾಡಿಸಬೇಕು. ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಡಬೇಕು. ಸುರಕ್ಷತೆಗಾಗಿ ಮಾಡಿದ ಯಾವ ಏರ್ಪಾಡಿಗೂ ಕೆಲಸಗಾರನಿಂದ ಹಣ ವಸೂಲು ಮಾಡಕೂಡದು. ಶಿರಸ್ತ್ರಾಣ ಕೊಟ್ಟು ಸಂಬಳದಲ್ಲಿ ಹಿಡಿದುಕೊಳ್ಳುವವರು, ಕೈಗವಸಿಗೆ ಠೇವಣಿ ಕೇಳುವವರು ಈ ಮಾತನ್ನು ಎರಡು ಸಲ ಓದುವುದು ಲೇಸು.

ನೇಮಕದ ಪತ್ರಕ್ಕೂ ಸುರಕ್ಷತೆಗೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ಅಪಘಾತದ ಮರುದಿನ ಮೊದಲು ಏಳುವ ತಕರಾರೆಂದರೆ ಸತ್ತವನು ಅಲ್ಲಿನ ಕೆಲಸಗಾರನೇ ಅಲ್ಲವೆಂಬುದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಕೂಲಿಗೆ ರಸೀತಿಯಿಲ್ಲ. ಆಗ ವಿಧವೆಯಾದವಳು ಗಂಡನ ಸಾವಿಗಿಂತ ಮೊದಲು ಅವನ ದುಡಿಮೆಯನ್ನೇ ರುಜುವಾತುಪಡಿಸಬೇಕಾಗುತ್ತದೆ. ಒಂದು ಹಾಳೆಯ ಪತ್ರ ಆ ಸಂಕಟವನ್ನು ತಪ್ಪಿಸುತ್ತದೆ.

ಇನ್ನೊಂದು ಮಾತು ವಿಶೇಷವಾಗಿ ಗಮನಾರ್ಹವಾದುದು. ಕಾರ್ಖಾನೆ, ಗಣಿ, ಹಡಗುಕಟ್ಟೆ, ಕಟ್ಟಡ ನಿರ್ಮಾಣ, ತೋಟ, ಈ ಸ್ಥಳಗಳಲ್ಲಿ ಮಾಲಿಕನಿಗೆ ತಿಳಿದೋ ತಿಳಿಯದೆಯೋ ಆವರಣದೊಳಗೆ ಇರುವ ಎಲ್ಲರ ಸುರಕ್ಷತೆಗೂ ಆತನೇ ಹೊಣೆ. ಆತ ಸ್ವತಃ ನೇಮಿಸಿದ ಕೆಲಸಗಾರ ಮಾತ್ರವಲ್ಲ, ಒಂದು ದಿನದ ಮಟ್ಟಿಗೆ ಬಂದ ಬಣ್ಣದವನು, ಗುತ್ತಿಗೆದಾರ ಕಳಿಸಿದ ಆಳು, ಊಟದ ಡಬ್ಬಿ ತಂದ ಮಗು, ಎಲ್ಲರೂ ಇದರಲ್ಲಿ ಸೇರಿದರು. “ಅವನು ನಮ್ಮವನಲ್ಲ” ಎಂಬ ಹಳೆಯ ಉತ್ತರಕ್ಕೆ ಅಂಥ ಸ್ಥಳಗಳಲ್ಲಿ ಬೆಲೆಯಿಲ್ಲ. ಯಂತ್ರವನ್ನು ರೂಪಿಸುವವರಿಗೆ, ತಯಾರಿಸುವವರಿಗೆ, ಮಾರುವವರಿಗೆ ಕೂಡ ಸಂಹಿತೆ ಪ್ರತ್ಯೇಕ ಕರ್ತವ್ಯಗಳನ್ನು ವಿಧಿಸಿದೆ.

ಸ್ತ್ರೀಯರ ವಿಷಯದಲ್ಲಿ ದೃಷ್ಟಿಯೇ ಬದಲಾಗಿದೆ. ಹಳೆಯ ಕಾಯಿದೆ ಅಪಾಯದ ಎಡೆಯಿಂದ ಅವರನ್ನು ದೂರವಿಟ್ಟಿತ್ತು. ಹೊಸ ಸಂಹಿತೆ ಎಲ್ಲ ಬಗೆಯ ಕೆಲಸಕ್ಕೂ ಅವರು ಅರ್ಹರೆಂದು ಹೇಳಿ, ಅಪಾಯದ ಕೆಲಸವಾದಲ್ಲಿ ತಕ್ಕ ರಕ್ಷಣೆಯನ್ನು ಮೊದಲೇ ಒದಗಿಸುವಂತೆ ಮಾಲಿಕನಿಗೆ ಆಜ್ಞಾಪಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ರಾತ್ರಿ ಏಳರ ಮೇಲೆ, ಬೆಳಗಿನ ಆರರ ಮೊದಲು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು. ಬಾಗಿಲು ತೆರೆದುದು ಸರಿ. ಒಳಗಿನ ಯಂತ್ರಕ್ಕೆ ಬೇಲಿ ಹಾಕದೆ ಬಾಗಿಲು ಮಾತ್ರ ತೆರೆದರೆ ಅದು ಉಪಕಾರವಾಗದು.

ಅಪಘಾತದಿಂದ ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವನು 48 ಗಂಟೆಗಳ ಕಾಲ ಕೆಲಸಕ್ಕೆ ಬರಲಾರದಂತಾದರೆ, ಅಧಿಕಾರಿಗಳಿಗೆ ಸೂಚನೆ ಕೊಡಬೇಕು. ಬಿಸಿನೋಸಿಸ್‌ನಂಥ ಔದ್ಯೋಗಿಕ ರೋಗವನ್ನು ಕಂಡ ವೈದ್ಯನಿಗೂ ವರದಿ ಮಾಡುವ ಕರ್ತವ್ಯವಿದೆ. ಕೆಮ್ಮಿಗೆ ಔಷಧಿ ಬರೆದುಕೊಡುವ ಮೊದಲು “ಏನು ಕೆಲಸ ಮಾಡುತ್ತೀ?” ಎಂದು ಕೇಳುವ ವೈದ್ಯ ಒಬ್ಬ ರೋಗಿಯನ್ನಲ್ಲ, ಒಂದು ಕಾರ್ಖಾನೆಯ ಜನರನ್ನು ಉಳಿಸಬಲ್ಲ.

ಕೆಲಸಗಾರನ ಕರ್ತವ್ಯ, ಕೆಲಸಗಾರನ ಹಕ್ಕು

ಹೊಣೆಯೆಲ್ಲ ಧಣಿಯದೆಂದು ಕೆಲಸಗಾರ ಕೈಕಟ್ಟಿ ಕೂಡುವಂತಿಲ್ಲ. ತನ್ನ ಜೀವದ ಬಗ್ಗೆಯೂ, ತನ್ನ ಕೃತ್ಯದಿಂದ ತೊಂದರೆಗೊಳಗಾಗಬಹುದಾದ ಇತರರ ಜೀವದ ಬಗ್ಗೆಯೂ ಆತ ತಕ್ಕ ಎಚ್ಚರ ವಹಿಸಬೇಕು. ಕೊಟ್ಟ ಸುರಕ್ಷತಾ ಸಾಧನವನ್ನು ಬೇಕೆಂದೇ ಕೆಡಿಸಬಾರದು. ಕೆಲಸ ಬೇಗ ಸಾಗಲೆಂದು ಯಂತ್ರದ ಬೇಲಿಯನ್ನು ಕಿತ್ತಿಡಬಾರದು. ಅಪಾಯದ ಸ್ಥಿತಿ ಕಂಡೊಡನೆ ಮೇಲಿನವರಿಗೆ ತಿಳಿಸಬೇಕು. ಶಕೆಯೆಂದು ಮುಖವಸ್ತ್ರವನ್ನು ಕೊರಳಿಗೆ ಇಳಿಸಿಕೊಳ್ಳುವುದು ಎಲ್ಲೆಡೆಯ ಅಭ್ಯಾಸ. ಆದರೆ ಶಕೆ ತಡೆಯಲಾರದಷ್ಟಿದ್ದರೆ ಗಾಳಿಯ ಏರ್ಪಾಡು ಸಾಲದೆಂದೇ ಅರ್ಥ. ಅದನ್ನು ಸರಿಪಡಿಸುವ ಕೆಲಸ ಮತ್ತೆ ಮಾಲಿಕನದೇ.

ಕರ್ತವ್ಯದ ಜೊತೆಗೆ ಹಕ್ಕೂ ಇದೆ. ತಾನು ಮುಟ್ಟುವ ವಸ್ತು ಎಂಥದು, ಅದರಿಂದ ಏನು ಕೇಡು ಎಂಬ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಕೆಲಸಗಾರನಿಗಿದೆ. ಜೀವಾಪಾಯ ಸಮೀಪಿಸಿದೆಯೆಂದು ಸಕಾರಣವಾಗಿ ಅನ್ನಿಸಿದರೆ ಮಾಲಿಕನಿಗೂ, ಅದೇ ಕಾಲಕ್ಕೆ ಸರಕಾರದ ನಿರೀಕ್ಷಕರಿಗೂ ತಿಳಿಸಬಹುದು. ಮಾಲಿಕ ಕೂಡಲೆ ಕ್ರಮ ಕೈಕೊಳ್ಳಬೇಕು. ಭಯ ನಿರಾಧಾರವೆಂದು ಆತ ಭಾವಿಸಿದರೆ ನಿರೀಕ್ಷಕರ ತೀರ್ಮಾನಕ್ಕೆ ಒಪ್ಪಿಸಬೇಕು. ಕರ್ನಾಟಕದಲ್ಲಿ ಇದಕ್ಕೆಂದೇ ಕಾರ್ಖಾನೆ, ಬಾಯ್ಲರು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯದ ಇಲಾಖೆಯಿದೆ. 1837ರ ಹುಡುಗನಿಗೆ ಬಂಡಿ ಹತ್ತುವುದು ಇಲ್ಲವೆ ಹಸಿದಿರುವುದು ಎಂಬ ಎರಡೇ ದಾರಿಗಳಿದ್ದವು. ಇಂದಿನವನಿಗೆ ಮೂರನೆಯ ದಾರಿಯೊಂದು ಕಾಗದದ ಮೇಲಾದರೂ ಇದೆ. ಅದನ್ನು ಬಳಸಿದವನಿಗೆ ಮರುದಿನ ಕೆಲಸ ತಪ್ಪದಂತೆ ನೋಡಿಕೊಂಡಾಗ ಮಾತ್ರ ಅದು ನಿಜವಾದ ದಾರಿಯಾದೀತು.

ದಂಡ ಮತ್ತು ಪರಿಹಾರ

ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಸಂಹಿತೆ ವಿಧಿಸುವ ಶಿಕ್ಷೆ ಎರಡು ವರ್ಷಗಳವರೆಗಿನ ಸೆರೆವಾಸ, ಇಲ್ಲವೆ 5 ಲಕ್ಷ ರೂಪಾಯಿಗೆ ಕಡಿಮೆಯಲ್ಲದ ದಂಡ, ಇಲ್ಲವೆ ಎರಡೂ. ಆ ದಂಡದ ಅರ್ಧಕ್ಕೆ ಕಡಿಮೆಯಲ್ಲದ ಭಾಗವನ್ನು ಸತ್ತವನ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇದು ಸಾಲದೆಂಬ ಟೀಕೆಗೆ ಅವಕಾಶವಿದ್ದರೂ, ದಂಡದಲ್ಲಿ ಒಂದು ಪಾಲು ಅನಾಥ ಕುಟುಂಬಕ್ಕೆ ಸೇರಬೇಕೆಂಬ ವಿಚಾರ ಸ್ವಾಗತಾರ್ಹವೇ ಸರಿ.

ಪರಿಹಾರದ ಬಗೆ ಬೇರೆ. 1923ರ ಕಾಯಿದೆಯ ತತ್ತ್ವಗಳು ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಪರಿಹಾರಕ್ಕಾಗಿ ಮಾಲಿಕನ ತಪ್ಪನ್ನು ಸಾಧಿಸಬೇಕಾಗಿಲ್ಲ; ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಅಪಘಾತವಾಯಿತೆಂದು ತೋರಿಸಿದರೆ ಸಾಕು. ಸತ್ತವನು ಆಜ್ಞೆ ಮೀರಿ ನಡೆದಿದ್ದನೆಂಬ ನೆಪ ಸಾವಿನ ಪ್ರಕರಣದಲ್ಲಿ ನಡೆಯದು. ತನ್ನ ವ್ಯಾಪಾರದ ಅಂಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲಮಾಲಿಕ ಗುತ್ತಿಗೆದಾರನ ಆಳಿಗೂ ಪರಿಹಾರ ಕೊಡಬೇಕು. ಬೇಕಾದರೆ ಅದನ್ನು ಗುತ್ತಿಗೆದಾರನಿಂದ ಆಮೇಲೆ ವಸೂಲು ಮಾಡಿಕೊಳ್ಳಬಹುದು. ಇಬ್ಬರ ಜಗಳದಲ್ಲಿ ಕೂಸು ಬಡವಾಗಬಾರದೆಂಬುದೇ ಇದರ ಉದ್ದೇಶ.

ಹಾಗಾದರೆ ನಾಲ್ಕೈದು ಜನರನ್ನಿಟ್ಟುಕೊಂಡ ಸಣ್ಣ ಅಂಗಡಿಕಾರ ಇವೆಲ್ಲದರಿಂದ ಪಾರಾದನೆ? ಅಂಥ ಭ್ರಮೆ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಯಾರ ತಲೆಯನ್ನೂ ಎಣಿಸುವುದಿಲ್ಲ. ಬೆಂಕಿ, ಸ್ಫೋಟಕ, ಯಂತ್ರ ಇವುಗಳ ವಿಷಯದಲ್ಲಿ ಪ್ರಾಣಕ್ಕೆ ಅಪಾಯವಾಗುವಂಥ ಅಜಾಗ್ರತೆ ತೋರುವುದೇ ಅದರ 287ರಿಂದ 289ರ ವರೆಗಿನ ಕಲಮುಗಳಲ್ಲಿ ಅಪರಾಧ. ಅಜಾಗ್ರತೆಯಿಂದ ಸಾವಾದರೆ 106ನೆಯ ಕಲಮಿನ ಮೇರೆಗೆ ಐದು ವರ್ಷಗಳವರೆಗೆ ಸೆರೆಮನೆ. ಹಳೆಯ ದಂಡಸಂಹಿತೆಯಲ್ಲಿ ಇದು ಎರಡೇ ವರ್ಷ ಇದ್ದಿತು. ಪಟಾಕಿಯಂಥ ಮಾಲಿಗಾದರೆ 1884ರ ಸ್ಫೋಟಕಗಳ ಕಾಯಿದೆ ಮತ್ತು 2008ರ ನಿಯಮಗಳೂ ಇವೆ; ಪರವಾನಗಿಯಿಲ್ಲದೆ ಅದನ್ನು ಕೂಡಿಹಾಕುವಂತಿಲ್ಲ.

ಮನೆಯ ಹೊಸ್ತಿಲಿನಲ್ಲಿ

ಇದು ಕಾರ್ಖಾನೆಯವರ ಮಾತು, ಸಂಸಾರಸ್ಥರಿಗೆ ಏನು ಸಂಬಂಧ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ಸಂಬಂಧ ಹಿತ್ತಲಿನಲ್ಲಿಯೇ ಇದೆ. ಶೌಚದ ಗುಂಡಿ ತುಂಬಿದಾಗ ನಾಲ್ಕು ನೋಟು ತೋರಿಸಿ ಒಬ್ಬ ಮನುಷ್ಯನನ್ನು ಅದರೊಳಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ತಕ್ಕ ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸಿದವನಿಗೆ ಮೊದಲ ಸಲವೇ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಗುಂಡಿಯಲ್ಲಿ ಕೂಡಿರುವ ವಿಷವಾಯು ಮೊದಲನೆಯವನನ್ನು ಕೊಲ್ಲುತ್ತದೆ, ಅವನನ್ನೆತ್ತಲು ಇಳಿದ ಎರಡನೆಯವನನ್ನೂ ಕೊಲ್ಲುತ್ತದೆ. ಇಂಥ ಸಾವುಗಳಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು. ಹೀರುವ ಯಂತ್ರದ ಬಾಡಿಗೆ ಎಷ್ಟೇ ಇರಲಿ, ಒಂದು ಪ್ರಾಣಕ್ಕಿಂತ ಅಗ್ಗವೇ.

ಕಿಟಕಿಯ ಸರಳಿಗೋ ಉಗ್ರಾಣದ ಬಾಗಿಲಿಗೋ ಬೆಸುಗೆ ಹಾಕಿಸುವವರು ನೆನಪಿಡಬೇಕಾದ ಸಂಗತಿಗಳು ನಾಲ್ಕೇ ನಾಲ್ಕು. ಕಿಡಿ ಹಾರಿ ಬೀಳುವ ದೂರ ಸಾಮಾನ್ಯರ ಊಹೆಗಿಂತ ಹೆಚ್ಚು. ಆದುದರಿಂದ ಸುತ್ತ ಹನ್ನೊಂದು ಮೀಟರಿನೊಳಗೆ ಉರಿಯಬಲ್ಲ ಯಾವ ವಸ್ತುವೂ ಇರಬಾರದು. ಹತ್ತಿ, ಗೋಣಿಚೀಲ, ಎಣ್ಣೆ, ಬಣ್ಣ, ಪಟಾಕಿ ಇದ್ದಲ್ಲಿ ಮೊದಲು ಮಾಲು ಹೊರಗೆ, ಆಮೇಲೆ ಕೆಲಸ ಒಳಗೆ. ಹೊರಗೆ ಹಾಕಲಾಗದಿದ್ದರೆ ಕೆಲಸವನ್ನೇ ಹೊರಗೆ ಒಯ್ಯಬೇಕು. ನೀರು, ಮರಳು, ಅಗ್ನಿಶಾಮಕ ಸಿಲಿಂಡರು ಕೈಗೆಟಕುವಂತಿರಬೇಕು, ಬೆಂಕಿಯನ್ನು ಕಾಯಲೆಂದೇ ಒಬ್ಬನು ನಿಂತಿರಬೇಕು. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಆತ ಅಲ್ಲಿಂದ ಕದಲಬಾರದು. ಗೋಣಿಯ ಮಡಿಕೆಯಲ್ಲಿ ಅಡಗಿದ ಕಿಡಿ ತಡವಾಗಿ ಕಣ್ಣು ಬಿಡುತ್ತದೆ. ಇವೆಲ್ಲಕ್ಕೂ ಮುಂಚೆ, ಒಳಗಿರುವವರು ಓಡಿ ಹೊರಬರಲು ಇನ್ನೊಂದು ಬಾಗಿಲು ಇದೆಯೇ, ಅದರ ಅಗುಳಿ ತೆಗೆದಿದೆಯೇ ಎಂದು ನೋಡಬೇಕು.

ಈ ನಾಲ್ಕು ಸಂಗತಿಗಳಿಗೆ ಬೀಳುವ ವೆಚ್ಚ ಒಂದು ದಿನದ ಕೂಲಿಗಿಂತ ಹೆಚ್ಚೇನಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವುದು ಹಿಂದಿನಿಂದ ಬಂದ ಗಾದೆ. ಅದು ಮೂರ್ಖತನವನ್ನು ಹಾಸ್ಯಮಾಡಲು ಹುಟ್ಟಿದ ಮಾತು. ಕಾಯಿದೆ ಅದನ್ನು ಹಾಸ್ಯವೆಂದು ಪರಿಗಣಿಸುವುದಿಲ್ಲ. ಬಾವಿಯನ್ನು ಮೊದಲೇ ತೋಡಿಸಿಟ್ಟಿರಬೇಕಾಗಿತ್ತು, ತೋಡಿಸಬೇಕಾಗಿದ್ದವರು ಆ ಸ್ಥಳದ ಒಡೆಯರು ಎಂದು ಅದು ಹೇಳುತ್ತದೆ. ಈ ವಾರದಲ್ಲಿ ಯಾರಾದರೂ ತಮ್ಮ ಅಂಗಡಿಗೋ ಮನೆಗೋ ಕೆಲಸದವನೊಬ್ಬನನ್ನು ಕರೆಸುವವರಿದ್ದರೆ, ಕೂಲಿ ಎಷ್ಟೆಂದು ಕೇಳುವ ಮೊದಲು ಅವನು ನಿಲ್ಲಬೇಕಾದ ಜಾಗವನ್ನು ಒಮ್ಮೆ ತಾವೇ ಹೋಗಿ ನಿಂತು ನೋಡಲಿ.